ಒಂದೇ ಡಿಸ್ಕ್‌ನಲ್ಲಿ ಎರಡು ಮಾದರಿ: ಹೈಬ್ರಿಡ್ ಸಿ.ಡಿ., ಡಿ.ವಿ.ಡಿ.ಗಳ ಇತಿಹಾಸ ವರ್ತಕರಿಗೆ ಕಲಿಸುವ ಲೆಕ್ಕ

ಹಳೆಯ ಮಾದರಿಯ ಸರಕು ಹಿಂದೆ ಸರಿದು ಹೊಸ ಮಾದರಿಯ ಸರಕು ಇನ್ನೂ ನೆಲೆಯೂರದ ಸಂಧಿಕಾಲದಲ್ಲಿ ವರ್ತಕನ ಬಂಡವಾಳಕ್ಕೆ ಅತಿ ಹೆಚ್ಚಿನ ಅಪಾಯವಿರುತ್ತದೆ. ಇಂತಹ ಸಮಯದಲ್ಲಿ ತಯಾರಕರು ಸಾಮಾನ್ಯವಾಗಿ ಒಂದು ಸಮಾಧಾನವನ್ನು ಮುಂದಿಡುತ್ತಾರೆ: “ಇದು ಹಳೆಯದೂ ಹೌದು, ಹೊಸದೂ ಹೌದು, ಯಾವ ಯಂತ್ರವಿದ್ದರೂ ನಡೆಯುತ್ತದೆ.” ಈ ಮಾತನ್ನು ನಂಬಿ ಸರಕು ತುಂಬಿಸಿಕೊಂಡವರಲ್ಲಿ ಕೆಲವರು ಲಾಭ ಕಂಡರು, ಹಲವರು ಮಾರಾಟವಾಗದ ಪೆಟ್ಟಿಗೆಗಳನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಇಟ್ಟುಕೊಂಡರು. ಸಂಗೀತ ಮತ್ತು ಚಲನಚಿತ್ರಗಳ ಹೈಬ್ರಿಡ್ ಡಿಸ್ಕ್‌ಗಳ ಇತಿಹಾಸವು ಈ ವಿಷಯದಲ್ಲಿ ಒಂದು ಪೂರ್ಣ ಪಾಠದಂತಿದೆ. 1987ರಿಂದ 2008ರವರೆಗಿನ ಸುಮಾರು ಇಪ್ಪತ್ತು ವರ್ಷಗಳಲ್ಲಿ ಅಂತಹ ಹಲವು ಮಾದರಿಗಳು ಬಂದವು, ಹೋದವು. ಅವುಗಳಲ್ಲಿ ಯಾವುದು ಏಕೆ ಉಳಿಯಿತು, ಯಾವುದು ಏಕೆ ಬಿದ್ದಿತು ಮತ್ತು ಅದರ ಪರಿಣಾಮ ಲೆಕ್ಕಪುಸ್ತಕದಲ್ಲಿ ಹೇಗೆ ಕಾಣಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಹೈಬ್ರಿಡ್ ಎಂದರೇನು?

ಹೈಬ್ರಿಡ್ ಎಂಬ ಪದ ಬೆಳ್ಳಾವಿ, ಗುಬ್ಬಿ, ಕುಣಿಗಲ್ ಕಡೆಯವರಿಗೆ ಬಿತ್ತನೆ ಬೀಜದ ಅಂಗಡಿಗಳಿಂದಲೇ ಪರಿಚಿತವಾಗಿದೆ. ಆದರೆ ಡಿಸ್ಕ್‌ನ ಹೈಬ್ರಿಡ್ ಬೇರೆ. ಬೀಜದಲ್ಲಿ ಎರಡು ತಳಿಗಳು ಬೆರೆತು ಮೂರನೆಯ ತಳಿ ಹುಟ್ಟುತ್ತದೆ. ಡಿಸ್ಕ್‌ನಲ್ಲಾದರೋ ಎರಡೂ ಬೆರೆಯುವುದಿಲ್ಲ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದಂತೆ ಒಂದೇ ನೆಲದಲ್ಲಿ ಎರಡು ಬೆಳೆಗಳು ತಮ್ಮ ತಮ್ಮ ಸಾಲಿನಲ್ಲಿ ನಿಲ್ಲುತ್ತವೆ. ಹಳೆಯ ಯಂತ್ರವು ತನ್ನ ಸಾಲನ್ನು ಓದುತ್ತದೆ, ಹೊಸ ಯಂತ್ರವು ತನ್ನದನ್ನು ಓದುತ್ತದೆ.

ಇದು ಸಾಧ್ಯವಾಗುವುದು ಹೇಗೆ ಎಂಬುದಕ್ಕೆ ಮೂಲ ಅಳತೆಗಳನ್ನು ತಿಳಿದಿರಬೇಕು. ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು 1980ರಲ್ಲಿ ರೂಪಿಸಿದ, 1982ರಲ್ಲಿ ಮಾರುಕಟ್ಟೆಗೆ ಬಂದ ಆಡಿಯೋ ಸಿ.ಡಿ.ಯ ವ್ಯಾಸ 12 ಸೆಂ.ಮೀ., ದಪ್ಪ 1.2 ಮಿ.ಮೀ. ಅದನ್ನು ಓದುವ ಲೇಸರ್ ಕಿರಣದ ತರಂಗಾಂತರ 780 ನ್ಯಾನೋಮೀಟರ್. ಕಿರಣವು 1.2 ಮಿ.ಮೀ. ಪಾರದರ್ಶಕ ಪದರವನ್ನು ದಾಟಿ ಹಿಂಬದಿಯ ಹೊಳಪಿನ ಪದರದಲ್ಲಿರುವ ಗುರುತುಗಳನ್ನು ಓದುತ್ತದೆ. 1996ರಲ್ಲಿ ಬಂದ ಡಿ.ವಿ.ಡಿ.ಯ ಹೊರ ಅಳತೆಯೂ ಇದೇ. ಆದರೆ ಅದು ತಲಾ 0.6 ಮಿ.ಮೀ. ದಪ್ಪದ ಎರಡು ತಟ್ಟೆಗಳನ್ನು ಅಂಟಿಸಿ ಮಾಡಿದ್ದು. ಓದುವ ಕಿರಣ 650 ನ್ಯಾನೋಮೀಟರ್‌ನದು. ಒಂದು ಪದರದ ಧಾರಣಶಕ್ತಿ 4.7 ಗಿಗಾಬೈಟ್. ಹೊರ ರೂಪ ಒಂದೇ ಆದರೂ ಒಳಗಿನ ಆಳ ಮತ್ತು ಓದುವ ಕಿರಣ ಬೇರೆಯಾಗಿರುವುದರಿಂದಲೇ, ಎರಡನ್ನೂ ಒಂದೇ ಡಿಸ್ಕ್‌ನಲ್ಲಿ ಸೇರಿಸಬಹುದೆಂಬ ಆಲೋಚನೆ ತಯಾರಕರಿಗೆ ಬಂದಿತು.

2. ಐದು ನಿದರ್ಶನಗಳು

(ಅ) ಸಿ.ಡಿ. ವಿಡಿಯೋ, 1987: ಚಿನ್ನದ ಬಣ್ಣದ ಈ 12 ಸೆಂ.ಮೀ. ಡಿಸ್ಕ್‌ನಲ್ಲಿ ಸುಮಾರು 20 ನಿಮಿಷಗಳ ಡಿಜಿಟಲ್ ಸಂಗೀತವೂ, ಹೊರ ಅಂಚಿನಲ್ಲಿ ಐದಾರು ನಿಮಿಷಗಳ ಚಿತ್ರವೂ ಇರುತ್ತಿದ್ದವು. ಸಂಗೀತವನ್ನು ಯಾವುದೇ ಸಿ.ಡಿ. ಪ್ಲೇಯರ್ ನುಡಿಸುತ್ತಿತ್ತು, ಚಿತ್ರಕ್ಕೆ ಬೇರೆಯೇ ಯಂತ್ರ ಬೇಕಿತ್ತು. ಐದು ನಿಮಿಷದ ಚಿತ್ರಕ್ಕಾಗಿ ದುಬಾರಿ ಯಂತ್ರವನ್ನು ಕೊಳ್ಳುವವರು ವಿರಳವಾಗಿದ್ದುದರಿಂದ ಕೆಲವೇ ವರ್ಷಗಳಲ್ಲಿ ಅದು ಮರೆಯಾಯಿತು.

(ಆ) ಸಿ.ಡಿ. ಎಕ್ಸ್‌ಟ್ರಾ, 1995: ಇದರಲ್ಲಿ ಮೊದಲ ಭಾಗ ಸಂಗೀತ, ಎರಡನೆಯ ಭಾಗ ಕಂಪ್ಯೂಟರ್‌ಗಾಗಿ ಚಿತ್ರ ಮತ್ತು ಮಾಹಿತಿ. ಸಾಮಾನ್ಯ ಸಿ.ಡಿ. ಪ್ಲೇಯರ್ ಮೊದಲ ಭಾಗವನ್ನಷ್ಟೇ ಓದಿ ನಿಲ್ಲುತ್ತದೆ. ಹಳೆಯ ಗ್ರಾಹಕನಿಗೆ ಯಾವ ತೊಂದರೆಯೂ ಇಲ್ಲ, ಹೆಚ್ಚುವರಿ ಖರ್ಚೂ ಅತ್ಯಲ್ಪ. ಇದು ಯಾರಿಗೂ ದೊಡ್ಡ ಲಾಭ ತರಲಿಲ್ಲವಾದರೂ ಯಾರ ಬಂಡವಾಳವನ್ನೂ ಮುಳುಗಿಸಲಿಲ್ಲ.

(ಇ) ಹೈಬ್ರಿಡ್ ಸೂಪರ್ ಆಡಿಯೋ ಸಿ.ಡಿ.: ಸೋನಿ ಮತ್ತು ಫಿಲಿಪ್ಸ್ 1999ರಲ್ಲಿ ತಂದ ಸೂಪರ್ ಆಡಿಯೋ ಸಿ.ಡಿ.ಯ ಮೊದಮೊದಲ ಡಿಸ್ಕ್‌ಗಳಲ್ಲಿ ಅನೇಕವು ಒಂದೇ ಪದರದವು. ಸಾಮಾನ್ಯ ಪ್ಲೇಯರ್‌ನಲ್ಲಿ ಅವು ನುಡಿಯುತ್ತಿರಲಿಲ್ಲ. ಹೈಬ್ರಿಡ್ ರೂಪದಲ್ಲಿ 0.6 ಮಿ.ಮೀ. ಆಳದಲ್ಲಿ ಅರೆಪಾರದರ್ಶಕವಾದ ಉನ್ನತ ಗುಣಮಟ್ಟದ ಪದರವನ್ನೂ, 1.2 ಮಿ.ಮೀ. ಆಳದಲ್ಲಿ ಸಾಮಾನ್ಯ ಸಿ.ಡಿ. ಪದರವನ್ನೂ ಇರಿಸಲಾಯಿತು. ಡಿ.ವಿ.ಡಿ. ಮಾದರಿಯ ಕಿರಣ ಮೊದಲ ಪದರದಿಂದಲೇ ಹಿಂದಿರುಗುತ್ತದೆ, ಹಳೆಯ ಸಿ.ಡಿ. ಕಿರಣ ಅದನ್ನು ದಾಟಿ ತನ್ನ ಪದರವನ್ನು ಮುಟ್ಟುತ್ತದೆ. ರೋಲಿಂಗ್ ಸ್ಟೋನ್ಸ್ ತಂಡದ ಹಳೆಯ ಸಂಗೀತ 2002ರಲ್ಲಿ, ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ 2003ರಲ್ಲಿ ಈ ರೂಪದಲ್ಲಿ ಮರುಬಿಡುಗಡೆಯಾದವು. ಈ ಮಾದರಿಯು ಜನಸಾಮಾನ್ಯರ ಸರಕಾಗಲಿಲ್ಲ. ಆದರೆ ಶಾಸ್ತ್ರೀಯ ಸಂಗೀತ ಪ್ರಿಯರ ಸಣ್ಣ ಮಾರುಕಟ್ಟೆಯಲ್ಲಿ, ವಿಶೇಷವಾಗಿ ಜಪಾನಿನಲ್ಲಿ, ಇಂದಿಗೂ ಉಳಿದಿದೆ.

(ಈ) ಡ್ಯುಯಲ್‌ಡಿಸ್ಕ್: ಅಮೆರಿಕದ ಬಾಸ್ಟನ್ ಮತ್ತು ಸಿಯಾಟಲ್ ನಗರಗಳಲ್ಲಿ 2004ರಲ್ಲಿ ಪರೀಕ್ಷಾರ್ಥವಾಗಿ ಮಾರಿ, 2005ರಲ್ಲಿ ದೇಶವ್ಯಾಪಿಯಾಗಿ ತಂದ ಡಿಸ್ಕ್ ಇದು. ಒಂದು ಬದಿ ಸಂಗೀತ, ಮಗುಚಿದರೆ ಡಿ.ವಿ.ಡಿ. ದೊಡ್ಡ ಸಂಗೀತ ಸಂಸ್ಥೆಗಳ ಬೆಂಬಲ ಇದಕ್ಕಿತ್ತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ರ 2005ರ ‘ಡೆವಿಲ್ಸ್ ಆ್ಯಂಡ್ ಡಸ್ಟ್’ ಅಮೆರಿಕದಲ್ಲಿ ಈ ರೂಪದಲ್ಲಿಯೇ ಬಿಡುಗಡೆಯಾಯಿತು. ಆದರೆ ಎರಡು ಬದಿಗಳನ್ನು ಅಂಟಿಸಿದಾಗ ದಪ್ಪ ಮಿತಿಮೀರದಿರಲೆಂದು ಸಂಗೀತದ ಬದಿಯ ಪಾರದರ್ಶಕ ಪದರವನ್ನು ಸುಮಾರು 0.9 ಮಿ.ಮೀ.ಗೆ ಇಳಿಸಲಾಗಿತ್ತು. ಮೂಲ ಮಾನಕ 1.2 ಮಿ.ಮೀ. ಆದ್ದರಿಂದ ಆ ಬದಿಗೆ ಸಿ.ಡಿ.ಯ ಅಧಿಕೃತ ಲಾಂಛನವನ್ನು ಬಳಸುವ ಅನುಮತಿ ದೊರೆಯಲಿಲ್ಲ. ಕೆಲವು ಪ್ಲೇಯರ್‌ಗಳು ಅದನ್ನು ಓದಲಿಲ್ಲ. ಕೆಲವು ಯಂತ್ರ ತಯಾರಕರು ಅದನ್ನು ಬಳಸದಂತೆ ಎಚ್ಚರಿಕೆ ನೀಡಿದರು. ಕೆಲವೇ ವರ್ಷಗಳಲ್ಲಿ ಡ್ಯುಯಲ್‌ಡಿಸ್ಕ್ ಕಣ್ಮರೆಯಾಯಿತು.

(ಉ) ಎಚ್.ಡಿ. ಡಿ.ವಿ.ಡಿ. ಜೋಡಿ ಡಿಸ್ಕ್: 2006ರಲ್ಲಿ ಬ್ಲೂ-ರೇ ಮತ್ತು ಎಚ್.ಡಿ. ಡಿ.ವಿ.ಡಿ. ಎಂಬ ಎರಡು ಹೊಸ ಮಾದರಿಗಳು ಪೈಪೋಟಿಗೆ ಇಳಿದವು. ಎಚ್.ಡಿ. ಡಿ.ವಿ.ಡಿ. ಪಕ್ಷದವರು ಒಂದು ಬದಿ ಹೊಸದು, ಮತ್ತೊಂದು ಬದಿ ಸಾಮಾನ್ಯ ಡಿ.ವಿ.ಡಿ. ಆಗಿರುವ ಜೋಡಿ ಡಿಸ್ಕ್‌ಗಳನ್ನು ಹೆಚ್ಚಿನ ಬೆಲೆಗೆ ಮಾರಿದರು. ವಾರ್ನರ್ ಸಂಸ್ಥೆಯು ಎರಡು ಪ್ರತಿಸ್ಪರ್ಧಿ ಮಾದರಿಗಳನ್ನೂ ಒಂದೇ ಡಿಸ್ಕ್‌ನಲ್ಲಿ ಕೊಡುವುದಾಗಿ 2007ರ ಜನವರಿಯಲ್ಲಿ ಘೋಷಿಸಿತು. ಅದು ಮಾರುಕಟ್ಟೆಗೆ ಬರಲೇ ಇಲ್ಲ. 2008ರ ಜನವರಿಯಲ್ಲಿ ಅದೇ ವಾರ್ನರ್ ಬ್ಲೂ-ರೇ ಪಕ್ಷಕ್ಕೆ ಸೇರಿತು. ಫೆಬ್ರವರಿ 19ರಂದು ತೋಷಿಬಾ ತನ್ನ ಎಚ್.ಡಿ. ಡಿ.ವಿ.ಡಿ. ವ್ಯವಹಾರವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಏಳು ವಾರಗಳೊಳಗೆ ಅಂಗಡಿಗಳಲ್ಲಿದ್ದ ಸರಕಿನ ಬೆಲೆ ಕುಸಿಯಿತು. ಗೆದ್ದ ಮಾದರಿಯೂ ಶಾಶ್ವತವಲ್ಲ: ಬರೆಯಬಹುದಾದ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು.

ಈ ಐದನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ನಿಯಮ ಸ್ಪಷ್ಟವಾಗುತ್ತದೆ. ಹಳೆಯ ಯಂತ್ರ ಹೊಂದಿರುವ ಗ್ರಾಹಕನಿಗೆ ಕೊಟ್ಟ ಮಾತನ್ನು ಚಾಚೂ ತಪ್ಪದೆ ಉಳಿಸಿಕೊಂಡ ಮಾದರಿಗಳು ಹಾನಿ ಮಾಡಲಿಲ್ಲ. ಮಾನಕವನ್ನು ‘ಸ್ವಲ್ಪ’ ಸಡಿಲಿಸಿದ ಮಾದರಿ ಉಳಿಯಲಿಲ್ಲ. ಎರಡನೆಯ ಮಾತೂ ಅಷ್ಟೇ ಮುಖ್ಯ: ಹಳೆಯದರೊಂದಿಗೆ ಹೊಂದಿಕೊಂಡರೆ ಸಾಲದು, ಹೊಸದಕ್ಕೆ ಬೇಡಿಕೆಯೂ ಇರಬೇಕು. ಸಿ.ಡಿ. ವಿಡಿಯೋ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಎರಡನೆಯದರಲ್ಲಿ ಸೋತಿತು.

3. ಕರ್ನಾಟಕದ ಮಾರುಕಟ್ಟೆಯಲ್ಲಿ ನಡೆದದ್ದು

ಡ್ಯುಯಲ್‌ಡಿಸ್ಕ್ ಆಗಲಿ, ಸೂಪರ್ ಆಡಿಯೋ ಸಿ.ಡಿ. ಆಗಲಿ ಕನ್ನಡ ಸಂಗೀತದ ಸಾಮಾನ್ಯ ಸರಕಾಗಲಿಲ್ಲ. ಇಲ್ಲಿನ ದಾರಿ ಬೇರೆಯಾಗಿತ್ತು. 1987ರಲ್ಲಿ ಬಂದ ‘ಪ್ರೇಮಲೋಕ’ ಚಿತ್ರದ ಧ್ವನಿಸುರುಳಿ, ಅದನ್ನು ಹೊರತಂದ ಬೆಂಗಳೂರಿನ ಲಹರಿ ಸಂಸ್ಥೆಗೂ ಕನ್ನಡ ಧ್ವನಿಸುರುಳಿ ಉದ್ಯಮಕ್ಕೂ ಒಂದು ಮೈಲಿಗಲ್ಲಾಯಿತು. ಜಾತ್ರೆಯ ಅಂಗಡಿಗಳಿಂದ ಹಿಡಿದು ಬಸ್ ನಿಲ್ದಾಣದ ಮಳಿಗೆಗಳವರೆಗೆ ಭಕ್ತಿಗೀತೆ, ಭಾವಗೀತೆ, ಹರಿಕಥೆ, ಚಿತ್ರಗೀತೆಗಳ ಧ್ವನಿಸುರುಳಿಗಳು ಹರಡಿದವು. ಅನಂತರ ಸಿ.ಡಿ., ಅದರ ಬೆನ್ನಿಗೆ ವಿ.ಸಿ.ಡಿ. ಬಂದವು.

ವಿ.ಸಿ.ಡಿ.ಯ ಮಾನಕ ಸಿದ್ಧವಾದದ್ದು 1993ರಲ್ಲಿ. ಸಾಮಾನ್ಯ ಸಿ.ಡಿ.ಯಲ್ಲಿಯೇ 74 ನಿಮಿಷಗಳ ಚಿತ್ರವನ್ನು ಅಡಕಗೊಳಿಸುವ ವಿಧಾನವಿದು. ಎರಡೂವರೆ ಗಂಟೆಯ ಚಿತ್ರಕ್ಕೆ ಎರಡು ಅಥವಾ ಮೂರು ಡಿಸ್ಕ್‌ಗಳು ಬೇಕಾಗುತ್ತಿದ್ದವು. ಚಿತ್ರದ ಸ್ಪಷ್ಟತೆಯೂ ಡಿ.ವಿ.ಡಿ.ಗಿಂತ ಕಡಿಮೆ. ಆದರೂ ಪಟ್ಟಣ ಮತ್ತು ಹೋಬಳಿ ಕೇಂದ್ರಗಳಲ್ಲಿ ಅದೇ ನೆಲೆಯೂರಿತು. ಇದಕ್ಕೆ ಕಾರಣ ಅಗ್ಗದ ಡಿಸ್ಕ್ ಮಾತ್ರವಲ್ಲ, ಅಗ್ಗದ ಪ್ಲೇಯರ್. 2000ದ ದಶಕದಲ್ಲಿ ಮನೆಮನೆಗೆ ಬಂದ ಡಿ.ವಿ.ಡಿ. ಪ್ಲೇಯರ್‌ಗಳು ಆಡಿಯೋ ಸಿ.ಡಿ., ವಿ.ಸಿ.ಡಿ., ಎಂ.ಪಿ.3 ಮತ್ತು ಡಿ.ವಿ.ಡಿ. ಎಲ್ಲವನ್ನೂ ಓದುತ್ತಿದ್ದವು. ಅಂದರೆ ಪಾಶ್ಚಾತ್ಯ ದೇಶಗಳಲ್ಲಿ ಡಿಸ್ಕ್ ಹೈಬ್ರಿಡ್ ಆಗಲು ಹೆಣಗುತ್ತಿದ್ದಾಗ ಇಲ್ಲಿ ಯಂತ್ರವೇ ಹೈಬ್ರಿಡ್ ಆಯಿತು. ಡಿಸ್ಕ್ ತಯಾರಕನು ಎರಡು ಪದರದ ಖರ್ಚನ್ನು ಹೊರುವ ಅಗತ್ಯವೇ ಉಳಿಯಲಿಲ್ಲ. 700 ಮೆಗಾಬೈಟ್‌ನ ಒಂದು ಎಂ.ಪಿ.3 ಸಿ.ಡಿ.ಯಲ್ಲಿ, ಸೆಕೆಂಡಿಗೆ 128 ಕಿಲೋಬಿಟ್ ದರದಲ್ಲಿ, ಸುಮಾರು 12 ಗಂಟೆಗಳ ಸಂಗೀತ ಹಿಡಿಯುತ್ತದೆ. ಅದು ಹತ್ತಕ್ಕೂ ಹೆಚ್ಚು ಧ್ವನಿಸುರುಳಿಗಳ ಸರಕು. ಧ್ವನಿಸುರುಳಿ ಮಾರುವವನ ವ್ಯಾಪಾರವನ್ನು ಕಡಿಮೆ ಮಾಡಿದ್ದು ಹೊಸ ಡಿಸ್ಕ್‌ಗಿಂತ ಹೆಚ್ಚಾಗಿ ಈ ಗುಣಾಕಾರ.

ದೆಹಲಿ ಮೂಲದ ಮೋಸರ್ ಬೇರ್ ಸಂಸ್ಥೆಯ ಉದಾಹರಣೆ ಇಲ್ಲಿ ಗಮನಾರ್ಹ. ಖಾಲಿ ಡಿಸ್ಕ್‌ಗಳ ತಯಾರಿಕೆಯಲ್ಲಿ ಜಗತ್ತಿನ ದೊಡ್ಡ ಸಂಸ್ಥೆಗಳಲ್ಲಿ ಒಂದಾಗಿದ್ದ ಅದು 2007ರ ಸುಮಾರಿಗೆ ಚಲನಚಿತ್ರಗಳ ವಿ.ಸಿ.ಡಿ.ಗಳನ್ನು ರೂ. 28ಕ್ಕೂ ಡಿ.ವಿ.ಡಿ.ಗಳನ್ನು ರೂ. 34ಕ್ಕೂ ಮಾರುಕಟ್ಟೆಗೆ ತಂದಿತು. ಕನ್ನಡ ಚಿತ್ರಗಳೂ ಅದರ ಪಟ್ಟಿಯಲ್ಲಿದ್ದವು. ಅಲ್ಲಿಯವರೆಗೆ ನೂರಾರು ರೂಪಾಯಿ ಬೆಲೆಯ ಡಿಸ್ಕ್‌ಗಳನ್ನು ದಾಸ್ತಾನು ಮಾಡಿದ್ದ ಅಂಗಡಿಯವರಿಗೆ, ಮಾದರಿ ಬದಲಾಗದೆ ಬೆಲೆ ಮಾತ್ರ ಬದಲಾದರೂ ದಾಸ್ತಾನಿನ ಮೌಲ್ಯ ಕರಗಬಲ್ಲದೆಂಬುದು ತಿಳಿಯಿತು. ಆ ಸಂಸ್ಥೆಯೂ ಮುಂದೆ ಸಾಲದ ಹೊರೆಗೆ ಸಿಲುಕಿ, 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. 2018ರಲ್ಲಿ ಅದರ ಸಮಾಪನಕ್ಕೆ ಆದೇಶವಾಯಿತು. ಡಿಸ್ಕ್‌ನ ಕಾಲ ಮುಗಿದಾಗ ಅತಿ ಕಡಿಮೆ ವೆಚ್ಚದ ತಯಾರಕನೂ ಉಳಿಯಲಿಲ್ಲ.

4. ದಾಸ್ತಾನಿನ ಮೌಲ್ಯ: ಕಾಗದದ ಲಾಭ, ಕೈಯ ನಷ್ಟ

ಲೆಕ್ಕ ಮಾನಕ 2ರ ಪ್ರಕಾರ ಅಂತಿಮ ದಾಸ್ತಾನನ್ನು ಕೊಂಡ ವೆಚ್ಚ ಅಥವಾ ನಿವ್ವಳ ವಸೂಲಾತಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದದ್ದಕ್ಕೆ ತೋರಿಸಬೇಕು. ನಿವ್ವಳ ವಸೂಲಾತಿ ಮೌಲ್ಯವೆಂದರೆ ಸರಕನ್ನು ಮಾರಿದರೆ ಬರಬಹುದಾದ ಬೆಲೆಯಲ್ಲಿ ಮಾರಾಟದ ಖರ್ಚನ್ನು ಕಳೆದು ಉಳಿಯುವ ಮೊತ್ತ. ಚೈನ್‌ರೂಪ್ ಸಂಪತ್‌ರಾಮ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1953ರಲ್ಲಿಯೇ ಈ ತತ್ತ್ವವನ್ನು ವಿವರಿಸಿದೆ: ನಿರೀಕ್ಷಿತ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ನಿರೀಕ್ಷಿತ ಲಾಭವನ್ನು ತೆಗೆದುಕೊಳ್ಳಬಾರದು. ಆದರೂ ಅನೇಕ ಸಣ್ಣ ಅಂಗಡಿಗಳಲ್ಲಿ ಮಾರ್ಚ್ 31ರಂದು ‘ಇದ್ದ ಸರಕು, ಕೊಂಡ ಬೆಲೆ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವ ರೂಢಿಯಿದೆ. ಅದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು.

ಬೆಳ್ಳಾವಿಯ ಒಬ್ಬ ವರ್ತಕರು ಹೊಸ ಮಾದರಿಯ 500 ಡಿಸ್ಕ್‌ಗಳನ್ನು ತೆರಿಗೆ ಹೊರತುಪಡಿಸಿ ತಲಾ ರೂ. 200ರಂತೆ ರೂ. 1,00,000ಕ್ಕೆ ಕೊಂಡರೆಂದು ಭಾವಿಸೋಣ. ವರ್ಷದೊಳಗೆ 300 ಡಿಸ್ಕ್‌ಗಳು ತಲಾ ರೂ. 260ರಂತೆ ಮಾರಾಟವಾಗಿ ರೂ. 78,000 ಬಂದಿತು. ಉಳಿದದ್ದು 200. ಅಷ್ಟರಲ್ಲಿ ಆ ಮಾದರಿಗೆ ಬೇಡಿಕೆ ಕುಸಿದು, ತಲಾ ರೂ. 90ಕ್ಕೆ ಮಾತ್ರ ಮಾರಬಹುದಾಗಿದೆ. ಮಾರಾಟದ ಖರ್ಚು ತಲಾ ರೂ. 10.

ಕೊಂಡ ಬೆಲೆಯ ಲೆಕ್ಕ: ಉಳಿದ ದಾಸ್ತಾನು 200 × 200 = ರೂ. 40,000. ಮಾರಿದ ಸರಕಿನ ವೆಚ್ಚ ರೂ. 60,000. ಲಾಭ ರೂ. 18,000.

ನಿವ್ವಳ ವಸೂಲಾತಿ ಮೌಲ್ಯದ ಲೆಕ್ಕ: ಉಳಿದ ದಾಸ್ತಾನು 200 × 80 = ರೂ. 16,000. ವರ್ಷದ ಖಾತೆಗೆ ಬೀಳುವ ವೆಚ್ಚ ರೂ. 84,000. ನಷ್ಟ ರೂ. 6,000.

ವ್ಯಾಪಾರ ಒಂದೇ, ಎರಡು ಫಲಿತಾಂಶಗಳ ನಡುವಿನ ವ್ಯತ್ಯಾಸ ರೂ. 24,000. ಮೊದಲ ಲೆಕ್ಕವನ್ನು ನಂಬಿದ ವರ್ತಕರು ಬಾರದ ಲಾಭಕ್ಕೆ ಆದಾಯ ತೆರಿಗೆ ಕಟ್ಟುತ್ತಾರೆ, ಬಾರದ ಲಾಭವನ್ನು ಮನೆಯ ಖರ್ಚಿಗೆ ತೆಗೆಯುತ್ತಾರೆ, ಮುಂದಿನ ವರ್ಷ ಅದೇ ಮಾದರಿಯ ಸರಕನ್ನು ಮತ್ತೆ ತರಿಸುತ್ತಾರೆ. ಮೂರನೆಯದೇ ಅತಿ ದೊಡ್ಡ ಹಾನಿ. ಆದುದರಿಂದ ಮೌಲ್ಯಮಾಪನವನ್ನು ಒಟ್ಟು ದಾಸ್ತಾನಿಗೆ ಮಾಡದೆ ಸರಕುವಾರು ಮಾಡಬೇಕು; ಬೆಲೆ ಇಳಿಸಿದ್ದಕ್ಕೆ ಆಧಾರವಾಗಿ ವರ್ಷಾಂತ್ಯದ ಮತ್ತು ತದನಂತರದ ಮಾರಾಟದ ಬಿಲ್ಲುಗಳು, ವಿತರಕರ ಹೊಸ ದರಪಟ್ಟಿ ಮುಂತಾದವನ್ನು ಕಡತದಲ್ಲಿ ಇಟ್ಟುಕೊಳ್ಳಬೇಕು. ಆಧಾರವಿಲ್ಲದ ಇಳಿಕೆಯನ್ನು ತೆರಿಗೆ ಅಧಿಕಾರಿಗಳು ಪ್ರಶ್ನಿಸುವುದು ಸಹಜ.

5. ಯಂತ್ರ ಬೇರೆ, ಹಕ್ಕು ಬೇರೆ

ಧ್ವನಿಮುದ್ರಣದ ನಕಲು ತಯಾರಿಕೆಯು ಬರಿಯ ಸೇವೆಯಲ್ಲ, ಉತ್ಪಾದನೆ ಎಂಬುದನ್ನು ನ್ಯಾಯಾಲಯಗಳು ಒಪ್ಪಿವೆ. ಗ್ರಾಮಫೋನ್ ಕಂಪನಿಯ ಮೊಕದ್ದಮೆಯಲ್ಲಿ 1999ರಲ್ಲಿ ಧ್ವನಿಸುರುಳಿಗಳ ಮುದ್ರಣವನ್ನೂ, ಒರಾಕಲ್ ಸಾಫ್ಟ್‌ವೇರ್ ಮೊಕದ್ದಮೆಯಲ್ಲಿ 2010ರಲ್ಲಿ ಖಾಲಿ ಸಿ.ಡಿ.ಯನ್ನು ಮುದ್ರಿತ ಸಿ.ಡಿ.ಯಾಗಿಸುವುದನ್ನೂ ಸರ್ವೋಚ್ಚ ನ್ಯಾಯಾಲಯವು ಉತ್ಪಾದನೆಯೆಂದು ಪರಿಗಣಿಸಿತು. ಸಣ್ಣ ತಯಾರಕರಿಗೆ ಇದು ಅನುಕೂಲಕರವಾದ ಮಾತು. ಆದರೆ ಉತ್ಪಾದನೆ ಎಂದರೆ ಯಂತ್ರ; ಯಂತ್ರವೆಂದರೆ ಸವಕಳಿ.

ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಬಹುಕಾಲದಿಂದ ಅನ್ವಯವಾಗುತ್ತ ಬಂದ ಶೇಕಡ 15ರ ಇಳಿಕೆ ಶೇಷ ಪದ್ಧತಿಯಂತೆ, ರೂ. 10,00,000ದ ನಕಲು ಯಂತ್ರದ ಪುಸ್ತಕ ಮೌಲ್ಯ ಐದು ಪೂರ್ಣ ವರ್ಷಗಳ ನಂತರವೂ ಸುಮಾರು ರೂ. 4,43,700 ಇರುತ್ತದೆ. ಡ್ಯುಯಲ್‌ಡಿಸ್ಕ್‌ನಂತಹ ಮಾದರಿಯ ಇಡೀ ಆಯುಷ್ಯ ಐದು ವರ್ಷಕ್ಕಿಂತ ಹೆಚ್ಚೇನೂ ಇರಲಿಲ್ಲ. ಆ ಮಾದರಿಗೆಂದೇ ಯಂತ್ರ ಹಾಕಿದವನ ಪುಸ್ತಕದಲ್ಲಿ ನಾಲ್ಕೂವರೆ ಲಕ್ಷ ರೂಪಾಯಿಗಳ ಸಮೀಪದ ಆಸ್ತಿ ಕಾಣಿಸುತ್ತದೆ; ಗುಜರಿಯವನು ಕೊಡುವ ಬೆಲೆ ಬೇರೆ. ಆದ್ದರಿಂದ ಬ್ಯಾಂಕಿನ ಸಾಲದ ಕಂತು ಮುಗಿಯುವ ಅವಧಿಯು ಮಾದರಿಯ ಆಯುಷ್ಯಕ್ಕಿಂತ ಉದ್ದವಾಗಿರಬಾರದು ಎಂಬುದು ಮೊದಲ ಎಚ್ಚರಿಕೆಯಾಗಬೇಕು.

ಇದಕ್ಕೆ ವಿರುದ್ಧವಾದುದು ಹಕ್ಕಿನ ಸ್ಥಿತಿ. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಣ ಮತ್ತು ಚಲನಚಿತ್ರದ ಹಕ್ಕುಸ್ವಾಮ್ಯವು ಪ್ರಕಟಣೆಯ ಮರು ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1987ರಲ್ಲಿ ಪ್ರಕಟವಾದ ಧ್ವನಿಮುದ್ರಣದ ಹಕ್ಕು 2047ರ ಕೊನೆಯವರೆಗೆ ಜೀವಂತ. ಅದು ಧ್ವನಿಸುರುಳಿಯಲ್ಲಿ ಮಾರಾಟವಾಯಿತು, ಸಿ.ಡಿ.ಯಲ್ಲಿ ಮಾರಾಟವಾಯಿತು, ಈಗ ಮೊಬೈಲ್ ಫೋನಿನಲ್ಲಿ ಆದಾಯ ತರುತ್ತಿದೆ. ಹಾಡಿನ ಹಕ್ಕು ಇಟ್ಟುಕೊಂಡ ಸಂಸ್ಥೆಗಳು ಉಳಿದವು; ಹಾಡನ್ನು ಹೊತ್ತ ಪ್ಲಾಸ್ಟಿಕ್ಕನ್ನು ಮಾತ್ರ ದಾಸ್ತಾನು ಮಾಡಿದವರು ಕರಗಿದರು. ಸ್ಥಳೀಯ ಕಲಾವಿದರ ಹರಿಕಥೆ, ತತ್ತ್ವಪದ, ಮೂಡಲಪಾಯ ಯಕ್ಷಗಾನಗಳನ್ನು ಧ್ವನಿಮುದ್ರಿಸುವ ಸಣ್ಣ ಸಂಸ್ಥೆಗಳು ಕರಾರಿನಲ್ಲಿ ‘ಯಾವ ಮಾಧ್ಯಮ, ಎಷ್ಟು ವರ್ಷ, ಯಾವ ಪ್ರದೇಶ’ ಎಂಬ ಮೂರನ್ನೂ ಸ್ಪಷ್ಟವಾಗಿ ಬರೆಯಿಸಿಕೊಳ್ಳಬೇಕು. ಅವಧಿಯನ್ನು ಬರೆಯದಿದ್ದರೆ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಐದು ವರ್ಷಕ್ಕೆ ಮಾತ್ರ. ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಭಾವಿಸಲಾಗುತ್ತದೆ. 2012ರ ತಿದ್ದುಪಡಿಯ ನಂತರ ಗೀತರಚನಕಾರರ ಮತ್ತು ಸಂಗೀತ ಸಂಯೋಜಕರ ರಾಯಧನದ ಪಾಲನ್ನು ಕರಾರಿನಿಂದಲೂ ಕಸಿಯುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

6. ಸರಕು ಮತ್ತು ಸೇವಾ ತೆರಿಗೆಯ ಅಂಶಗಳು

ಡಿಸ್ಕ್, ಟೇಪ್, ಪೆನ್‌ಡ್ರೈವ್ ಮುಂತಾದ ಮುದ್ರಣ ಮಾಧ್ಯಮಗಳು 8523ನೆಯ ಶೀರ್ಷಿಕೆಯಡಿ ಬರುತ್ತವೆ. ಹೈಬ್ರಿಡ್ ಡಿಸ್ಕ್ ಎಷ್ಟೇ ಪದರಗಳನ್ನು ಹೊಂದಿದ್ದರೂ ತೆರಿಗೆಯ ದೃಷ್ಟಿಯಲ್ಲಿ ಅದು ಒಂದೇ ಸರಕು. ತೊಡಕು ಬರುವುದು ಪೊಟ್ಟಣದಲ್ಲಿ. ಮಕ್ಕಳ ಪುಸ್ತಕ, ಡಿಸ್ಕ್, ಜೊತೆಗೊಂದು ಆಟಿಕೆ ಇವನ್ನು ಒಂದೇ ಬೆಲೆಗೆ ಮಾರಿದಾಗ, ಅವು ವ್ಯಾಪಾರದ ಸಹಜ ಕ್ರಮದಲ್ಲಿ ಒಟ್ಟಿಗೆ ಬರುವಂಥವಾದರೆ ‘ಸಂಯೋಜಿತ ಪೂರೈಕೆ’ಯಾಗಿ ಮುಖ್ಯ ಸರಕಿನ ದರ ಅನ್ವಯಿಸುತ್ತದೆ. ಹಾಗಲ್ಲದಿದ್ದರೆ ‘ಮಿಶ್ರ ಪೂರೈಕೆ’ಯಾಗಿ ಅವುಗಳಲ್ಲಿ ಅತಿ ಹೆಚ್ಚಿನ ದರ ಇಡೀ ಪೊಟ್ಟಣಕ್ಕೆ ಬೀಳುತ್ತದೆ. ತೆರಿಗೆಯಿಲ್ಲದ ಪುಸ್ತಕಕ್ಕೂ ಡಿಸ್ಕ್‌ನ ದರ ತಗಲುವ ಸಂಭವವಿದೆ. ಬೇರೆ ಬೇರೆ ಬೆಲೆ ನಮೂದಿಸಿ, ಬೇರೆ ಬೇರೆಯಾಗಿಯೂ ಮಾರುವುದು ಸುರಕ್ಷಿತ.

ಉಳಿದ ಸರಕಿನ ವಿಲೇವಾರಿಯಲ್ಲಿಯೂ ಎಚ್ಚರ ಬೇಕು. ಮೇಲಿನ ಉದಾಹರಣೆಯ 200 ಡಿಸ್ಕ್‌ಗಳನ್ನು ಇಳಿಸಿದ ಬೆಲೆ ರೂ. 90ಕ್ಕೆ ಮಾರಿದರೆ, ಆ ಬೆಲೆಯ ಮೇಲೆ ತೆರಿಗೆ ಕಟ್ಟಿದರೆ ಸಾಕು; ಕೊಂಡಾಗ ಪಡೆದ ಹೂಡುವಳಿ ತೆರಿಗೆಯ ಜಮೆಯನ್ನು ಹಿಂದಿರುಗಿಸಬೇಕಿಲ್ಲ. ಆದರೆ ಅವನ್ನು ನಾಶಪಡಿಸಿದರೆ, ಲೆಕ್ಕದಿಂದ ಪೂರ್ಣವಾಗಿ ವಜಾ ಮಾಡಿದರೆ ಅಥವಾ ಉಚಿತವಾಗಿ ಹಂಚಿದರೆ, ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)(ಎಚ್) ಕಲಮಿನಂತೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಶೇಕಡ 18ರಂತೆ ಲೆಕ್ಕ ಹಿಡಿದರೆ ರೂ. 40,000ದ ಮೇಲೆ ಅದು ರೂ. 7,200. ಅಗ್ಗವಾಗಿ ಮಾರುವುದು ಅವಮಾನವೆಂದು ಎಸೆಯುವವರು ಈ ಅಂಕಿಯನ್ನು ಮೊದಲು ನೋಡಬೇಕು.

ವಿತರಕರು ಸರಕನ್ನು ಹಿಂದಕ್ಕೆ ಪಡೆಯುವ ಕರಾರಿದ್ದರೆ ಕಾಲಮಿತಿಯನ್ನು ಗಮನಿಸಬೇಕು. ತೆರಿಗೆ ಸಹಿತವಾದ ಕ್ರೆಡಿಟ್ ನೋಟನ್ನು ಮಾರಾಟದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವುದರೊಳಗೆ ವಿವರಪಟ್ಟಿಯಲ್ಲಿ ತೋರಿಸಬೇಕು. ‘ಮಾರಿದ ಮೇಲೆ ಹಣ, ಮಾರದಿದ್ದರೆ ವಾಪಸು’ ಎಂಬ ಒಪ್ಪಿಗೆಯ ಮೇಲೆ ಕಳುಹಿಸಿದ ಸರಕಿಗೆ ಆರು ತಿಂಗಳೊಳಗೆ ಬಿಲ್ಲು ಆಗಲೇಬೇಕು.

7. ಪೇಟೆಂಟ್ ಮತ್ತು ಮುದ್ರಿತ ವಿವರಗಳು

ಕರ್ನಾಟಕದಲ್ಲಿ ಯಂತ್ರವೇ ಹೈಬ್ರಿಡ್ ಆಯಿತೆಂದು ಮೇಲೆ ಹೇಳಲಾಯಿತು. ಆ ಯಂತ್ರಗಳನ್ನು ದೇಶದ ಹಲವು ಸಣ್ಣ ಘಟಕಗಳು ಹೊರದೇಶದ ಬಿಡಿಭಾಗಗಳಿಂದ ಜೋಡಿಸುತ್ತಿದ್ದವು. ಡಿ.ವಿ.ಡಿ. ಓದುವ ತಂತ್ರದ ಭಾರತೀಯ ಪೇಟೆಂಟ್ ಫಿಲಿಪ್ಸ್ ಸಂಸ್ಥೆಯ ಬಳಿ ಇತ್ತು. ಅನುಮತಿಯಿಲ್ಲದೆ ಜೋಡಿಸಿದ ಇಬ್ಬರು ತಯಾರಕರ ವಿರುದ್ಧದ ದಾವೆಗಳಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2018ರ ಜುಲೈ 12ರಂದು ತೀರ್ಪು ನೀಡಿತು. ಪ್ರತಿ ಪ್ಲೇಯರ್‌ಗೆ 2010ರ ಮೇ 27ರವರೆಗೆ 3.175 ಡಾಲರ್, ಅಲ್ಲಿಂದ ಪೇಟೆಂಟ್ ಮುಗಿದ 2015ರ ಫೆಬ್ರವರಿ 12ರವರೆಗೆ 1.90 ಡಾಲರ್ ರಾಯಧನ ನೀಡಬೇಕೆಂದು ಅದು ವಿಧಿಸಿತು. ಪೇಟೆಂಟ್ ಮುಗಿದ ಮೂರು ವರ್ಷಗಳ ಬಳಿಕ, ಪ್ಲೇಯರ್‌ಗಳ ವ್ಯಾಪಾರವೇ ಇಳಿದಿದ್ದ ಕಾಲದಲ್ಲಿ, ಹಳೆಯ ಮಾರಾಟದ ಮೇಲೆ ಈ ಹೊಣೆ ಬಂದಿತು. ಬಿಡಿಭಾಗಗಳನ್ನು ಅನುಮತಿ ಪಡೆದ ಸರಬರಾಜುದಾರರಿಂದಲೇ ಕೊಂಡಿದ್ದೇವೆ ಎಂಬ ವಾದಕ್ಕೆ ತಕ್ಕ ದಾಖಲೆ ಇರಬೇಕು, ಬಾಯಿಮಾತು ಸಾಲದು. ಇಂದು ಬ್ಲೂಟೂತ್ ಸ್ಪೀಕರ್, ಟಿ.ವಿ. ಪೆಟ್ಟಿಗೆ ಮುಂತಾದವನ್ನು ಜೋಡಿಸುವ ಘಟಕಗಳಿಗೂ ಈ ತೀರ್ಪು ಅನ್ವಯವಾಗುವ ಪಾಠವಾಗಿದೆ.

ಡಿಸ್ಕ್ ಮಾರುವವರಿಗೆ ಹಕ್ಕುಸ್ವಾಮ್ಯ ಕಾಯಿದೆಯ 52ಎ ಕಲಮು ಮುಖ್ಯ. ಧ್ವನಿಮುದ್ರಣದ ಮೇಲೆ ಹಾಗೂ ಅದರ ಹೊದಿಕೆಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಹಕ್ಕುದಾರರ ಹೆಸರು ಮತ್ತು ವಿಳಾಸ, ಮೊದಲ ಪ್ರಕಟಣೆಯ ವರ್ಷ ಇರಬೇಕು. ವಿಡಿಯೋ ಚಿತ್ರವಾದರೆ ಇದರೊಂದಿಗೆ ಅನುಮತಿ ಪಡೆದ ಘೋಷಣೆಯೂ, ಅಗತ್ಯವಿದ್ದಲ್ಲಿ ಸೆನ್ಸಾರ್ ಪ್ರಮಾಣಪತ್ರದ ಪ್ರತಿಯೂ ಬೇಕು. ಹಾಡು ಮತ್ತು ಚಿತ್ರ ಎರಡನ್ನೂ ಹೊತ್ತ ಡಿಸ್ಕ್‌ಗೆ ಎರಡೂ ಬಗೆಯ ವಿವರಗಳು ಬೇಕಾಗುತ್ತವೆ. ಇವಿಲ್ಲದ ಪ್ರಕಟಣೆಗೆ ಮೂರು ವರ್ಷದವರೆಗೆ ಸೆರೆ ಮತ್ತು ದಂಡ ವಿಧಿಸಬಹುದು. ಕರ್ನಾಟಕದಲ್ಲಿ ಗೂಂಡಾ ಕಾಯಿದೆಯೆಂದು ಪ್ರಸಿದ್ಧವಾದ 1985ರ ಕಾಯಿದೆಯ ಪೂರ್ಣ ಹೆಸರಿನಲ್ಲಿಯೇ ವಿಡಿಯೋ ಅಥವಾ ಆಡಿಯೋ ಕಳ್ಳನಕಲುದಾರರ ಉಲ್ಲೇಖವಿದೆ ಎಂಬುದನ್ನು ಮರೆಯಬಾರದು. ಹಳೆಯ ಸರಕನ್ನು ಸಗಟಾಗಿ ಅಗ್ಗಕ್ಕೆ ಕೊಳ್ಳುವವರು ಹೊದಿಕೆಯ ಮೇಲಿನ ಈ ವಿವರಗಳನ್ನು ಮೊದಲು ನೋಡಬೇಕು.

8. ಇಂದಿನ ಸರಕಿಗೆ ಅನ್ವಯ

ಡಿಸ್ಕ್‌ನ ಕಾಲ ಬಹುಮಟ್ಟಿಗೆ ಮುಗಿದಿದ್ದರೂ ಹೈಬ್ರಿಡ್ ಸರಕಿನ ಕಾಲ ಮುಗಿದಿಲ್ಲ. ಸರೆಗಮ ಸಂಸ್ಥೆ 2017ರಲ್ಲಿ ತಂದ ‘ಕಾರವಾನ್’ ಪೆಟ್ಟಿಗೆಯಲ್ಲಿ ಮೊದಲೇ ತುಂಬಿಸಿದ ಸಾವಿರಾರು ಹಳೆಯ ಹಾಡುಗಳು, ರೇಡಿಯೋ, ಬ್ಲೂಟೂತ್, ಪೆನ್‌ಡ್ರೈವ್ ಸೌಲಭ್ಯ ಎಲ್ಲವೂ ಒಟ್ಟಿಗಿದ್ದವು. ಮುಂದೆ ಕನ್ನಡ ಹಾಡುಗಳ ಆವೃತ್ತಿಯೂ ಬಂದಿತು. ಹಿರಿಯರಿಗೆ ಅದು ಹಳೆಯ ರೇಡಿಯೋವಿನಂತೆ ಬಳಸಲು ಸುಲಭ. ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಹಳೆಯ ಗ್ರಾಹಕನಿಗೆ ಕೊಟ್ಟ ಮಾತು ಉಳಿದದ್ದರಿಂದಲೇ ಆ ಸರಕು ಓಡಿತು. ಎಲೆಕ್ಟ್ರಿಕ್ ವಾಹನಗಳ ಬಿಡಿಭಾಗ, ಸೌರ ಮತ್ತು ವಿದ್ಯುತ್ ಎರಡರಲ್ಲೂ ನಡೆಯುವ ಪಂಪುಗಳು, ಎರಡು ಬಗೆಯ ಚಾರ್ಜರ್‌ಗಳು ಮುಂತಾದವನ್ನು ಇಂದು ದಾಸ್ತಾನು ಮಾಡುವವರಿಗೂ ಪ್ರಶ್ನೆಗಳು ಇವೇ. ಸರಕಿಗೆ ಬೇಡಿಕೆ ಪತ್ರ ಕಳುಹಿಸುವ ಮೊದಲು ಕೆಳಗಿನವನ್ನು ಬರೆದಿಟ್ಟುಕೊಂಡು ಉತ್ತರಿಸಿಕೊಳ್ಳುವುದು ಒಳ್ಳೆಯದು.

(1) ಹಳೆಯ ಯಂತ್ರವುಳ್ಳ ಗ್ರಾಹಕನಿಗೆ ಇದು ಪೂರ್ಣವಾಗಿ ನಡೆಯುತ್ತದೆಯೆ? ಅಧಿಕೃತ ಮಾನಕದ ಗುರುತು ಇದೆಯೆ?

(2) ಹೊಸ ಭಾಗವನ್ನು ಬಳಸುವ ಯಂತ್ರ ತಮ್ಮ ಪೇಟೆಯಲ್ಲಿ ಎಷ್ಟು ಮನೆಗಳಲ್ಲಿದೆ?

(3) ಮಾರಾಟವಾಗದ ಸರಕನ್ನು ವಿತರಕರು ಹಿಂದಕ್ಕೆ ಪಡೆಯುವರೆ? ಎಷ್ಟು ದಿನಗಳೊಳಗೆ? ಲಿಖಿತವಾಗಿದೆಯೆ?

(4) ಪೇಟೆಂಟ್, ಹಕ್ಕುಸ್ವಾಮ್ಯದ ಅನುಮತಿಯ ಪ್ರತಿ ಕೈಯಲ್ಲಿದೆಯೆ?

(5) ಬೆಲೆ ಅರ್ಧಕ್ಕೆ ಇಳಿದರೆ ವರ್ಷಾಂತ್ಯದ ಲೆಕ್ಕ ಲಾಭವನ್ನು ತೋರಿಸುವುದೋ, ನಷ್ಟವನ್ನೋ?

ಐದನೆಯ ಪ್ರಶ್ನೆಗೆ ಉತ್ತರ ‘ನಷ್ಟ’ ಎಂದು ಬಂದು, ಮೂರನೆಯದಕ್ಕೆ ಲಿಖಿತ ಉತ್ತರವಿಲ್ಲದಿದ್ದರೆ, ಕೊಳ್ಳಬೇಕೆಂದಿರುವ ಪ್ರಮಾಣವನ್ನು ಒಂದು ತಿಂಗಳ ಮಾರಾಟಕ್ಕೆ ಇಳಿಸುವುದು ಲೇಸು. ಮುಂದಿನ ತಿಂಗಳು ಬೇಡಿಕೆ ಇದ್ದರೆ ಸರಕು ಮತ್ತೆ ಸಿಗುತ್ತದೆ; ಹೋದ ಬಂಡವಾಳ ಅಷ್ಟು ಸುಲಭವಾಗಿ ಹಿಂದಿರುಗುವುದಿಲ್ಲ.